ಹನಿ ಬೀಳುವುದೆಲ್ಲೋ, ಸೋರುವುದೆಲ್ಲೋ

ಇಪ್ಪತ್ತು ಹನಿ ಎಂಜಿನ್ ಆಯಿಲ್ ಸೇರಿದರೆ ಹೆಚ್ಚೂಕಡಿಮೆ ಒಂದು ಮಿಲಿಲೀಟರ್. ನಿಮಿಷಕ್ಕೊಂದು ಹನಿಯಂತೆ ದಿನವಿಡೀ ತೊಟ್ಟಿಕ್ಕಿದರೆ 1440 ಹನಿ, ಅಂದರೆ 72 ಮಿಲಿಲೀಟರಿನಷ್ಟು. ಹತ್ತು ಸೆಕೆಂಡಿಗೊಂದು ಹನಿಯಾದರೆ ದಿನಕ್ಕೆ 430 ಮಿಲಿಲೀಟರ್ ದಾಟುತ್ತದೆ. ಮಾರುತಿ 800ರಂಥ ಪುಟ್ಟ ಕಾರಿನ ಎಂಜಿನ್ ಹಿಡಿಯುವುದೇ ಸುಮಾರು ಮೂರು ಲೀಟರ್. ಸೋರಿಕೆ ಇಪ್ಪತ್ನಾಲ್ಕು ಗಂಟೆಯೂ ಒಂದೇ ವೇಗದಲ್ಲಿ ಇರುವುದಿಲ್ಲ, ನಿಜ. ಎಂಜಿನ್ ಬಿಸಿಯಾಗಿ ಓಡುವಾಗ ಜೋರಾಗುತ್ತದೆ, ನಿಂತು ತಣ್ಣಗಾದ ಮೇಲೆ ಜಿನುಗುತ್ತದೆ. ಹಾಗಾಗಿ ಮನೆ ಮುಂದಿನ ನೆಲದಲ್ಲಿ ಕಾಣುವ ಕರಿ ಚುಕ್ಕೆ ಕಳೆದುಹೋದ ಆಯಿಲ್‌ನ ಒಂದು ಪಾಲು ಮಾತ್ರ. ಉಳಿದದ್ದನ್ನು ರಸ್ತೆಯ ಮೇಲೆ ಚೆಲ್ಲಿಕೊಂಡೇ ಬಂದಿರುತ್ತೇವೆ.

‘ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಲೀಕ್ ಇದ್ದಿದ್ದೇ ಸಾರ್, ಆಗಾಗ ಆಯಿಲ್ ಟಾಪಪ್ ಮಾಡ್ಕೊಂಡು ಓಡ್ಸಿ’ ಎಂಬ ಮಾತನ್ನು ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಗ್ಯಾರೇಜಿನಲ್ಲಿ ಕೇಳಿರುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸೋರುವ ಕಾರುಗಳಲ್ಲಿ ಬಹುಪಾಲು ಸೋರುತ್ತಿರುವುದು ವಯಸ್ಸಾಯಿತೆಂದಲ್ಲ, ಎಲ್ಲಿಂದ ಸೋರುತ್ತಿದೆ ಎಂದು ಯಾರೂ ಕೂತು ಹುಡುಕಲಿಲ್ಲವೆಂದು.

ಒಂದು ಕಾರಿಗೆ ಮಾತ್ರ ಇದರಲ್ಲಿ ರಿಯಾಯಿತಿ ಕೊಡಬಹುದು. ಅದು ಅಂಬಾಸಡರ್. ಅದರ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ‘ಬಿ ಸೀರೀಸ್’ ಕುಟುಂಬದ್ದು. ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಇಂದಿನ ಕಾರುಗಳಲ್ಲಿರುವಂಥ ರಬ್ಬರ್ ಆಯಿಲ್ ಸೀಲ್ ಅದಕ್ಕಿಲ್ಲ. ಶಾಫ್ಟಿನ ಮೇಲೆಯೇ ಸ್ಕ್ರೂ ಮರೆಯಂಥ ಸುರುಳಿ ಕೊರೆದಿರುತ್ತಾರೆ. ಶಾಫ್ಟ್ ತಿರುಗುವಾಗ ಆ ಸುರುಳಿ ಆಯಿಲನ್ನು ಒಳಕ್ಕೆ ತಳ್ಳುತ್ತದೆ. ತಿರುಗುವುದು ನಿಂತರೆ ತಳ್ಳುವುದೂ ನಿಂತಿತು. ಬೇರಿಂಗ್ ಸವೆದು ಸಂದು ದೊಡ್ಡದಾದಂತೆ ಒಂದೆರಡು ಹನಿ ಹೊರಬೀಳುವುದು ಅದರ ರಚನೆಯಲ್ಲೇ ಇದೆ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಡರ್ ತಯಾರಿಕೆ ನಿಲ್ಲಿಸಿತು. ಆದರೆ ಅದರ ಈ ಗುಣ ಎಲ್ಲ ಹಳೆಯ ಕಾರುಗಳ ಜಾತಕಕ್ಕೂ ಅಂಟಿಕೊಂಡಿತು. ಅಂಬಾಸಡರ್ ಸೋರುತ್ತಿತ್ತು, ಆದ್ದರಿಂದ ಹಳೆಯ ಕಾರೆಲ್ಲ ಸೋರಬೇಕು ಎಂಬ ತರ್ಕ.

ಮಾರುತಿ 800ಕ್ಕೆ ಆ ನೆಪ ಹೇಳುವಂತಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಹಸ್ತಾಂತರಿಸಿದ ದಿನದಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಅದರ ಬಾನೆಟ್ಟಿನ ಕೆಳಗಿದ್ದದ್ದು ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. ಕ್ರ್ಯಾಂಕಿನ ಎರಡೂ ತುದಿಗೆ ಸರಿಯಾದ ರಬ್ಬರ್ ಸೀಲ್ ಉಂಟು. ಅದು ಒಣ ನೆಲದ ಮೇಲೆ ನಿಲ್ಲಬೇಕಾದ ಕಾರು, ಹಾಗೆ ನಿಲ್ಲಿಸಲೂ ಬರುತ್ತದೆ. ನಮ್ಮ ಸಣ್ಣ ಊರುಗಳಲ್ಲಿ, ಮಲೆನಾಡಿನ ತೋಟದ ಮನೆಗಳಲ್ಲಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅವು ಇನ್ನೂ ಇವೆ. 15 ವರ್ಷ ದಾಟಿದ ಕಾರನ್ನು ಆರ್.ಟಿ.ಒ. ಕಚೇರಿಗೆ ಒಯ್ದು, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಿಸುವವರಿಗೆ ಅದರ ಮೇಲೆ ಎಷ್ಟು ಅಕ್ಕರೆ ಇರಬೇಕು! ಅಂಥವರ ಕಾರು ಸೋರುತ್ತಾ ನಿಂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸೋರಿಕೆಗೆ ಮೂಲವಾಗುವುದು ಮುಖ್ಯವಾಗಿ ಮೂರು ಬಗೆಯ ಜಾಗ. ಎರಡು ಲೋಹದ ಭಾಗಗಳ ನಡುವಿನ ಗ್ಯಾಸ್ಕೆಟ್, ಗ್ಯಾರೇಜಿನವರು ಪ್ಯಾಕಿಂಗ್ ಅನ್ನುವುದು ಇದನ್ನೇ. ತಿರುಗುವ ಶಾಫ್ಟನ್ನು ಸುತ್ತಿ ಹಿಡಿದ ಆಯಿಲ್ ಸೀಲ್. ಒಂದರೊಳಗೊಂದು ತೂರುವ ಭಾಗಗಳ ನಡುವೆ ಕೂರುವ ಓ-ರಿಂಗ್. ಈ ಓ-ರಿಂಗಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1939ರಲ್ಲಿ, ಡೆನ್ಮಾರ್ಕಿನಿಂದ ವಲಸೆ ಹೋಗಿದ್ದ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಹಿರಿಯ ಎಂಜಿನಿಯರಿಗೆ. ಅಷ್ಟು ಸರಳವಾದ ರಬ್ಬರ್ ಉಂಗುರ ಇಂದಿಗೂ ಎಲ್ಲ ಎಂಜಿನ್ನುಗಳಲ್ಲಿ ಕೂತಿದೆ. ರಬ್ಬರಿನ ಶತ್ರು ಬಿಸಿ. ಮಾಮೂಲಿ ನೈಟ್ರೈಲ್ ರಬ್ಬರ್ ವರ್ಷಗಟ್ಟಲೆ ಬಿಸಿ ಆಯಿಲಿನಲ್ಲಿ ಬೆಂದು ಗಟ್ಟಿಯಾಗುತ್ತದೆ. ಬೆರಳಿನಿಂದ ಒತ್ತಿದರೆ ಬಾಗುವುದಿಲ್ಲ, ಮಡಚಿದರೆ ಬಿರುಕು ಬಿಡುತ್ತದೆ. ಹೊಸದರಲ್ಲಿ ದುಂಡಗಿದ್ದ ಓ-ರಿಂಗ್ ಹಳತಾದ ಮೇಲೆ ಹೊರತೆಗೆದರೆ ಅದರ ಅಡ್ಡಕೊಯ್ತ ಚಪ್ಪಟೆಯಾಗಿರುತ್ತದೆ. ತುಂಬುವ ಶಕ್ತಿ ಹೋಗಿದೆ ಎಂದೇ ಅರ್ಥ. ತಿಂಗಳುಗಟ್ಟಲೆ ನಿಂತೇ ಇರುವ ಕಾರಿಗೂ ಇದು ತಪ್ಪಿದ್ದಲ್ಲ. ಆಯಿಲ್ ತಾಗದೆ ಸೀಲಿನ ತುಟಿ ಒಣಗುತ್ತದೆ.

ಇಷ್ಟು ಗೊತ್ತಿದ್ದರೆ ಎಲ್ಲ ಸೀಲು, ಎಲ್ಲ ಪ್ಯಾಕಿಂಗು ಬದಲಿಸಿಬಿಡೋಣ ಎನ್ನಿಸುವುದು ಸಹಜ. ತಾಪತ್ರಯ ಶುರುವಾಗುವುದು ಅಲ್ಲೇ. ಹೆಂಚಿನ ಮನೆ ಸೋರುವಾಗ ನೀರು ತೊಟ್ಟಿಕ್ಕುವ ಜಾಗದ ನೇರಕ್ಕೆ ಒಡೆದ ಹೆಂಚು ಇರುವುದಿಲ್ಲ. ರೀಪಿನ ಗುಂಟ ಹರಿದು ಎಲ್ಲೋ ಬಂದು ಬೀಳುತ್ತದೆ. ಎಂಜಿನ್ನಿನ ಆಯಿಲೂ ಹಾಗೆಯೇ. ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟದ್ದು ಬ್ಲಾಕಿನ ಬೆನ್ನಿನ ಮೇಲೆ ಇಳಿದು, ಆಯಿಲ್ ಚೇಂಬರಿನ ಅಂಚು ಹಿಡಿದು ಸಾಗಿ, ಕಟ್ಟಕಡೆಗೆ ತಗ್ಗಿನ ಒಂದು ಬೋಲ್ಟಿನ ತಲೆಯಿಂದ ನೆಲಕ್ಕೆ ಬೀಳುತ್ತದೆ. ಕಾರು ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಆಮೇಲೆ ಧೂಳು ಕೂತು ಕರಿ ಜಿಡ್ಡಿನ ಹೊದಿಕೆಯಾಗುತ್ತದೆ. ಅದರೊಳಗೆ ಹೊಸ ಸೋರಿಕೆ ಯಾವುದು, ಹತ್ತು ವರ್ಷದ ಹಳೆಯದು ಯಾವುದು ಎಂದು ಯಾವ ಅನುಭವಿಯೂ ಹೇಳಲಾರ.

ಆದ್ದರಿಂದ ಸ್ಪಾನರ್ ಮುಟ್ಟುವ ಮೊದಲು ಎಂಜಿನ್ ತೊಳೆಯಬೇಕು. ತಣ್ಣಗಿರುವಾಗ ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಕಾರ್ಬ್ಯುರೇಟರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಬಳಿದು, ಬ್ರಶ್ಶಿನಿಂದ ಸಂದುಸಂದು ತಿಕ್ಕಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಪೆಟ್ರೋಲ್ ಸುರಿದು ತೊಳೆಯುವ ಅಭ್ಯಾಸ ಇನ್ನೂ ಕೆಲವೆಡೆ ಉಂಟು. ಅದು ಬೆಂಕಿಗೆ ಕೊಟ್ಟ ಆಹ್ವಾನ, ಯಾರು ಹೇಳಿದರೂ ಬೇಡ. ತೊಳೆದ ಮೇಲೆ ಆಯಿಲ್ ಮಟ್ಟ ನೋಡಿಕೊಂಡು, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಟಾರ್ಚ್ ಹಿಡಿದು ನೋಡಬೇಕು. ಅತಿ ಮೇಲಿರುವ, ಅತಿ ಮುಂದಿರುವ ಹಸಿ ಜಾಗ ಯಾವುದು? ಹುಡುಕಾಟ ಅಲ್ಲಿಂದ. ಅದರ ಕೆಳಗಿನದೆಲ್ಲ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಈ ಕೆಲಸವನ್ನು ಮನಸ್ಸಿಟ್ಟು ಮಾಡುವವರನ್ನು ನೋಡುವುದೇ ಒಂದು ಸೊಗಸು. ಬೆಂಗಳೂರಿನ ಮೈಸೂರು ರಸ್ತೆಯ ಬದಿಯ ಪುಟ್ಟ ಗ್ಯಾರೇಜೊಂದರಲ್ಲಿ ಇಂಥದೊಂದು ಕಾರಿನ ಪಕ್ಕ ನಿಂತು ನೋಡಿದ್ದೇನೆ. ನಿವೃತ್ತ ಮೇಷ್ಟರೊಬ್ಬರ ಮಾರುತಿ 800. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ತಳದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಬೇರೆ ಕಡೆ ತೋರಿಸಿದಾಗ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದಿದ್ದರಂತೆ. ಜಾಗ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ.

ಈ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೆಳಗೆ ಬಗ್ಗಲೇ ಇಲ್ಲ. ಮೊದಲು ಹುಡುಗನಿಗೆ ಹೇಳಿ ತೊಳೆಸಿದರು. ಒಣಗಿದ ಮೇಲೆ ಮಗುವಿಗೆ ಹಾಕುವ ಟಾಲ್ಕಮ್ ಪೌಡರಿನ ಡಬ್ಬಿ ತಂದು, ಹೆಡ್ಡಿನ ತುದಿಯ ಸುತ್ತ, ಅದರ ಕೆಳಗೆ ಬ್ಲಾಕಿನ ಮೇಲೆ, ಬೆಲ್ ಹೌಸಿಂಗಿನ ನೆತ್ತಿಯ ಮೇಲೆ ತೆಳುವಾಗಿ ಉದುರಿಸಿದರು. ಎಂಜಿನ್ ಸ್ಟಾರ್ಟ್ ಮಾಡಿ ಕಾಯುತ್ತಾ ಕೂತರು. ಕಾಯುವುದು ಅಂದರೆ ನಿಜಕ್ಕೂ ಕಾಯುವುದು, ನಡುವೆ ಬೇರೆ ಗಾಡಿಗೆ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ದಾರದಷ್ಟು ತೆಳ್ಳಗಿನ ಒಂದು ಕಂದು ಗೆರೆ ಮೂಡಿತು. ಡಿಸ್ಟ್ರಿಬ್ಯೂಟರಿನ ಬುಡದಿಂದ ಹೊರಟು ಹೆಡ್ಡಿನ ಅಂಚು ದಾಟಿ ನೇರ ಬೆಲ್ ಹೌಸಿಂಗಿನ ಮೇಲೆ ಇಳಿಯಿತು.

‘ಮೇಷ್ಟ್ರೇ, ಇಲ್ನೋಡಿ. ಗೇರ್ ಬಾಕ್ಸ್ ಇಳ್ಸಿದ್ರೂ ಇದು ನಿಲ್ತಿರ್ಲಿಲ್ಲ’ ಎಂದರು.

ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕೂತಿರುವುದು ಹೆಡ್ಡಿನ ಗೇರ್ ಬಾಕ್ಸ್ ಕಡೆಯ ತುದಿಯಲ್ಲಿ. ಕ್ಯಾಮ್ ಶಾಫ್ಟ್ ಅದನ್ನು ತಿರುಗಿಸುವುದರಿಂದ ಅಲ್ಲಿಗೆ ಆಯಿಲ್ ಬರಲೇಬೇಕು. ಹೊರಬಾರದಂತೆ ತಡೆಯುವುದು ಅದರ ಬುಡದ ಓ-ರಿಂಗ್. ಕೆಲವೇ ರೂಪಾಯಿಯ ವಸ್ತು. ಮೆಕ್ಯಾನಿಕ್ ಮೊದಲು ಡಿಸ್ಟ್ರಿಬ್ಯೂಟರಿನ ಮೈ ಮೇಲೂ ಅದು ಕೂತ ಕೇಸಿನ ಮೇಲೂ ಸೇರಿಸಿ ಒಂದು ಗೆರೆ ಗೀಚಿಕೊಂಡರು. ಕ್ಯಾಪ್ ಬಿಚ್ಚಿ ರೋಟರ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಇನ್ನೊಂದು ಗುರುತು. ಆಮೇಲೆಯೇ ಬೋಲ್ಟ್ ಸಡಿಲಿಸಿದ್ದು. ಈ ಗುರುತು ತಪ್ಪಿದರೆ ಇಗ್ನಿಷನ್ ಟೈಮಿಂಗ್ ತಪ್ಪುತ್ತದೆ, ಗಾಡಿ ಎಳೆಯುವುದಿಲ್ಲ. ಹೊರಬಂದ ಓ-ರಿಂಗ್ ಪ್ಲಾಸ್ಟಿಕ್ ಬಳೆಯಷ್ಟು ಗಟ್ಟಿಯಾಗಿತ್ತು. ಉಗುರಿನಲ್ಲಿ ಒತ್ತಿದ್ದಕ್ಕೆ ಎರಡು ತುಂಡಾಯಿತು. ಹೊಸದಕ್ಕೆ ಆಯಿಲ್ ಸವರಿ, ಕೂರುವ ಕಾಲುವೆಯನ್ನು ಬಟ್ಟೆಯಿಂದ ಒರೆಸಿ, ತಿರುಚದಂತೆ ಕೂರಿಸಿ, ಗುರುತಿಗೆ ಗುರುತು ಸೇರಿಸಿ ಬಿಗಿದರು. ಗೇರ್ ಬಾಕ್ಸ್ ಇದ್ದಲ್ಲೇ ಇತ್ತು.

ಟಾಲ್ಕಮ್ ಪೌಡರಿನ ಜಾಗದಲ್ಲಿ ಈಗ ಇನ್ನೊಂದು ಉಪಾಯವೂ ಇದೆ. ಆಯಿಲಿಗೆ ಬೆರೆಸುವ ಹೊಳೆಯುವ ಡೈ ಸಿಗುತ್ತದೆ. ಅದನ್ನು ಹಾಕಿ ಒಂದಷ್ಟು ದೂರ ಓಡಿಸಿ, ಕತ್ತಲಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ಟರೆ ಸೋರುವ ದಾರಿ ಹಳದಿ-ಹಸಿರಾಗಿ ಮಿನುಗುತ್ತದೆ. ತೀರಾ ನಿಧಾನವಾಗಿ ಜಿನುಗುವ ಕಡೆ ಇದೇ ಮೇಲು. ಹಾಗೆಯೇ ಬಿದ್ದ ಹನಿ ಎಂಜಿನ್ ಆಯಿಲೇ ಹೌದೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ರಾತ್ರಿ ಕಾರಿನಡಿ ಬಿಳಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಬಣ್ಣ, ವಾಸನೆ, ಜಾಗ ಮೂರೂ ತಿಳಿಯುತ್ತದೆ. ಗೇರ್ ಆಯಿಲಿಗೆ ಗಂಧಕದ ಘಾಟು, ಕೂಲೆಂಟಿಗೆ ಸಿಹಿ ವಾಸನೆ.

ಇನ್ನು ಬ್ರೀದರ್. ಇದರ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಸೀಲು ಬದಲಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರತೊಡಗುವ ಎಂಜಿನ್ನುಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಸಿಲಿಂಡರಿನಲ್ಲಿ ಉರಿದ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇಳಿಯುತ್ತದೆ, ಸವೆದದ್ದರಲ್ಲಿ ಇನ್ನೂ ಹೆಚ್ಚು. ಆ ಅನಿಲ ಹೊರಹೋಗಲು ದಾರಿ ಬೇಕು. ಹಿಂದಿನ ಕಾಲದ ಎಂಜಿನ್ನುಗಳಲ್ಲಿ ಒಂದು ಕೊಳವೆಯನ್ನು ರಸ್ತೆಯ ಕಡೆಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹೊಗೆಯ ಕಾಟಕ್ಕೆ ಸಿಕ್ಕಿದ ಕ್ಯಾಲಿಫೋರ್ನಿಯದಲ್ಲಿ 1960ರ ದಶಕದ ಆರಂಭದಲ್ಲಿ ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ವ್ಯವಸ್ಥೆ ಬಂತು. ಅದೇ ಜಗತ್ತಿಗೆಲ್ಲ ಹರಡಿತು. ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿಗೋ ಮ್ಯಾನಿಫೋಲ್ಡಿಗೋ ಹೋಗುವ ರಬ್ಬರ್ ಪೈಪು ಅದರದೇ ಭಾಗ. ಆಯಿಲ್ ಕಾಲಕಾಲಕ್ಕೆ ಬದಲಿಸದೆ, ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುವಷ್ಟು ಹತ್ತಿರದ ಓಡಾಟಕ್ಕಷ್ಟೇ ಬಳಸಿದರೆ ಈ ಪೈಪಿನಲ್ಲಿ ಮಡ್ಡಿ ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ, ಎಲ್ಲಿ ಬಲ ಕಮ್ಮಿಯೋ ಅಲ್ಲಿಂದ ಆಯಿಲನ್ನು ತಳ್ಳುತ್ತದೆ. ಸೀಲು ಹೊಸದಾದರೆ ಅದರ ಪಕ್ಕದ್ದನ್ನು ಹುಡುಕುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಮೇಲೆ ಒಂದು ಕಾಗದದ ಚೂರು ಇಡಿ. ಕಾಗದ ಅಲ್ಲೇ ಮಲಗಿದ್ದರೆ ಅಥವಾ ಮೆಲ್ಲಗೆ ಒಳಗೆ ಎಳೆದುಕೊಂಡರೆ ಚಿಂತೆಯಿಲ್ಲ. ಎಗರಿ ಬಿದ್ದು, ಬಾಯಿಂದ ಹೊಗೆ ಪುಸುಪುಸು ಬಂದರೆ ಮೊದಲು ಬ್ರೀದರ್ ಪೈಪು, ಅದರ ವಾಲ್ವು ಬಿಚ್ಚಿ ತೊಳೆಯಿರಿ. ತೊಳೆದ ಮೇಲೂ ಹಾಗೆಯೇ ಇದ್ದರೆ ರಿಂಗು ಸವೆದಿರಬಹುದು. ಸಿಲಿಂಡರಿನ ಕಂಪ್ರೆಷನ್ ಅಳೆದು ನೋಡಬೇಕು. ಎಂಜಿನ್ನೇ ಸವೆದಿದ್ದರೆ ಎಷ್ಟು ಸೀಲು ಹಾಕಿದರೂ ದಂಡ.

ದುರಸ್ತಿಯಲ್ಲಿ ಕೈಗೆ ಮೊದಲು ಎಟಕುವುದು ಟ್ಯಾಪೆಟ್ ಕವರಿನ ಪ್ಯಾಕಿಂಗ್. ಇಲ್ಲಿ ಎಲ್ಲರಿಗೂ ಬರುವ ಆಸೆ, ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದುಬಿಡೋಣ ಎಂಬುದು. ಬೆಂಡಿನ ಪ್ಯಾಕಿಂಗ್ ಅತಿಯಾಗಿ ಬಿಗಿದರೆ ಹಿಂಡಿಹೋಗಿ ಹೊರಕ್ಕೆ ಚಾಚಿ ಸೀಳುತ್ತದೆ, ತಗಡಿನ ಕವರಾದರೆ ಸೊಟ್ಟಗಾಗುತ್ತದೆ. ಇಂಥ ಸಣ್ಣ ಬೋಲ್ಟುಗಳಿಗೆ ಬೇಕಾಗುವುದು ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು, ಕೆಲವು ಎಂಜಿನ್ನುಗಳಲ್ಲಿ ಅದಕ್ಕೂ ಕಡಿಮೆ. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಆಯಿಲ್ ಚೇಂಬರಿನದೂ ಇದೇ ಕಥೆ. ತಗಡಿನ ಚೇಂಬರ್ ಬಿಚ್ಚಿ ಅದರ ಅಂಚನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ. ಹಿಂದಿನವರು ಬಿಗಿದ ರಭಸಕ್ಕೆ ಒಂದೊಂದು ಬೋಲ್ಟಿನ ತೂತಿನ ಸುತ್ತಲೂ ತಗಡು ಮೇಲಕ್ಕೆ ಉಬ್ಬಿರುತ್ತದೆ. ಬೋಲ್ಟ್ ಇರುವಲ್ಲಿ ಒತ್ತು, ನಡುವೆ ಸಂದು. ಹೊಸ ಪ್ಯಾಕಿಂಗ್ ಹಾಕಿದರೂ ಆ ಸಂದಿನಿಂದ ಸೋರುವುದು ಖಂಡಿತ. ಮರದ ದಿಮ್ಮಿಯ ಮೇಲೆ ಅಂಚನ್ನು ಮಲಗಿಸಿ ಗುಂಡು ಮೂತಿಯ ಸುತ್ತಿಗೆಯಿಂದ ಒಂದೊಂದೇ ಉಬ್ಬನ್ನು ಮೆಲ್ಲಗೆ ತಟ್ಟಿ ಸಮ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಬಳಿಯುವವರನ್ನು ಕಂಡರೆ ನನಗೆ ಭಯ. ಹೊರಗೆ ಎಷ್ಟು ಉಕ್ಕಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಒಳಗೆ ಉಕ್ಕಿದ ಎಳೆ ಒಂದು ದಿನ ಕಳಚಿ, ಚೇಂಬರಿನ ತಳದಲ್ಲಿ ಆಯಿಲ್ ಪಂಪಿನ ಬಾಯಿಗಿರುವ ಜಾಲರಿಗೆ ಹೋಗಿ ಅಂಟುತ್ತದೆ. ಪಂಪಿಗೆ ಆಯಿಲ್ ಸಿಗದಿದ್ದರೆ ಬೇರಿಂಗ್ ಹೋಯಿತು. ಹನಿ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಂಡಂತಾಯಿತು. ಕೈಪಿಡಿ ಪೇಸ್ಟ್ ಹಾಕು ಎಂದ ಕಡೆ ಎರಡು ಮೂರು ಮಿಲಿಮೀಟರ್ ದಪ್ಪದ ಒಂದೇ ಗೆರೆ, ಎಣ್ಣೆಪಸೆ ಇಲ್ಲದ ಲೋಹದ ಮೇಲೆ. ಅದಕ್ಕಿಂತ ಹೆಚ್ಚು ಬೇಡವೇ ಬೇಡ.

ಕ್ರ್ಯಾಂಕಿನ ಮುಂದಿನ ಸೀಲು, ಕ್ಯಾಮ್ ಸೀಲು ಟೈಮಿಂಗ್ ಬೆಲ್ಟಿನ ಹಿಂದಿವೆ. ಇವು ಸೋರಿದರೆ ನೆಲದ ಕಲೆಗಿಂತ ದೊಡ್ಡ ಅಪಾಯ ಬೆಲ್ಟಿನದು. ಆಯಿಲ್ ಕುಡಿದ ಬೆಲ್ಟ್ ಮೆತ್ತಗಾಗಿ ಹಲ್ಲು ಕಳಚುತ್ತದೆ, ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಬೆಲ್ಟ್ ಬದಲಿಸುವಾಗಲೇ ಈ ಸೀಲುಗಳನ್ನೂ ಬದಲಿಸಿಬಿಡುವುದು ಜಾಣತನ, ಬಿಚ್ಚುವ ಕೂಲಿ ಒಂದೇ ಸಲ. ಹಳೆಯ ಸೀಲನ್ನು ಮೀಟುವಾಗ ಸ್ಕ್ರೂಡ್ರೈವರ್ ಶಾಫ್ಟಿಗೆ ತಾಗಿ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಸೀಲಿನ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಉಂಗುರದಂತೆ ಒಂದು ಕಾಲುವೆ ಬಿದ್ದಿರುವುದೂ ಉಂಟು. ಬೆರಳುಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು, ಇಲ್ಲವೇ ಆ ಜಾಗಕ್ಕೆಂದೇ ಸಿಗುವ ತೆಳು ಸ್ಟೀಲ್ ಸ್ಲೀವ್ ಹೊದಿಸಬೇಕು. ಸ್ಪ್ರಿಂಗ್ ಇರುವ ಮುಖ ಆಯಿಲಿನ ಕಡೆಗೆ. ತುಟಿಗೆ ಆಯಿಲ್ ಸವರಿ, ಸೀಲಿನಷ್ಟೇ ಅಗಲದ ಪೈಪಿನ ತುಂಡಿಟ್ಟು ನೇರವಾಗಿ ತಟ್ಟಬೇಕು. ಒಂದು ಬದಿ ಮುಂದೆ ಹೋಗಿ ಇನ್ನೊಂದು ಬದಿ ಹಿಂದುಳಿದರೆ ತೆಗೆದು ಬಿಸಾಕಿ ಹೊಸದು ತರುವುದೇ ಲೇಸು.

ಬಾಟಲಿಯಲ್ಲಿ ಬರುವ ‘ಸ್ಟಾಪ್ ಲೀಕ್’ ದ್ರಾವಣಗಳ ಬಗ್ಗೆ ಕೇಳುವವರಿದ್ದಾರೆ. ಅವು ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತವೆ. ಗಟ್ಟಿಯಾದ ಸೀಲಿಗೆ ಕೆಲವು ಕಾಲ ಉಪಯೋಗವಾದೀತು. ಸೀಳಿದ ಪ್ಯಾಕಿಂಗಿಗೆ, ಗೀರು ಬಿದ್ದ ಶಾಫ್ಟಿಗೆ ಏನೂ ಮಾಡವು. ಕೈಪಿಡಿ ಹೇಳಿದ್ದಕ್ಕಿಂತ ಮಂದ ಆಯಿಲ್ ಹಾಕಿ ಹನಿ ಕಡಿಮೆ ಮಾಡುವುದೂ ಅಷ್ಟಕ್ಕಷ್ಟೇ.

ಎಲ್ಲ ಪಸೆಗೂ ಸ್ಪಾನರ್ ಹಿಡಿಯಬೇಕಿಲ್ಲ ಎಂಬುದನ್ನೂ ಹೇಳಬೇಕು. ಅಂಚಿನಲ್ಲಿ ಬೆವರಿನಂತೆ ತೇವವಿದ್ದು ಹನಿ ಬೀಳದಿದ್ದರೆ ಒರೆಸಿ ಗಮನಿಸುತ್ತಿದ್ದರೆ ಸಾಕು. ಹಿಂದಿನ ಸೀಲೇ ಸೋರುತ್ತಿದೆ ಎಂದು ಖಾತ್ರಿಯಾಗಿ, ಹನಿ ಅಪರೂಪವಾಗಿದ್ದರೆ ಕ್ಲಚ್ ಬದಲಿಸುವ ದಿನದವರೆಗೆ ಕಾಯಬಹುದು, ಹೇಗೂ ಅಂದು ಗೇರ್ ಬಾಕ್ಸ್ ಇಳಿಯುತ್ತದೆ. ಆದರೆ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಆಯಿಲ್ ಬೀಳುತ್ತಿದ್ದರೆ, ಕಾರಿನೊಳಗೆ ಸುಟ್ಟ ಎಣ್ಣೆಯ ವಾಸನೆ ಬರುತ್ತಿದ್ದರೆ, ಪ್ರೆಶರ್ ಸ್ವಿಚ್ಚಿನ ಬುಡದಿಂದ ಒತ್ತಡದಲ್ಲಿ ಚಿಮ್ಮುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಮೊದಲನೆಯದು ಬೆಂಕಿಗೆ ದಾರಿ, ಕೊನೆಯದು ನೋಡನೋಡುತ್ತಿದ್ದಂತೆ ಎಂಜಿನ್ ಖಾಲಿ ಮಾಡುತ್ತದೆ. ಆಯಿಲ್ ದೀಪ ಹತ್ತಿದರೆ ಮನೆ ಹತ್ತಿರವೇ ಇದೆ ಎಂದುಕೊಳ್ಳದೆ ಅಲ್ಲೇ ನಿಲ್ಲಿಸಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆ ಇರುವ ನಾಡಿನಲ್ಲಿ ಹಳೆಯ ಕಾರಿನ ಸೀಲು ಸಿಗದ ಕಷ್ಟವಿಲ್ಲ. ಕೊರತೆ ಇರುವುದು ಹುಡುಕುವ ಸಮಯಕ್ಕೆ. ನಮ್ಮ ಗ್ಯಾರೇಜುಗಳ ಬಿಲ್ಲಿನಲ್ಲಿ ಭಾಗದ ಬೆಲೆ ಉಂಟು, ಬಿಚ್ಚಿ ಜೋಡಿಸಿದ ಕೂಲಿ ಉಂಟು. ಗಂಟೆಗಟ್ಟಲೆ ತೊಳೆದು, ಪುಡಿ ಉದುರಿಸಿ, ಕಾದು ಕೂತು ಕಂಡುಹಿಡಿದದ್ದಕ್ಕೆ ಒಂದು ಸಾಲೂ ಇರುವುದಿಲ್ಲ. ‘ಬರೀ ನೋಡಿದ್ದಕ್ಕೆ ಯಾಕ್ರೀ ದುಡ್ಡು’ ಎಂದು ನಾವೇ ಕೇಳುತ್ತೇವೆ. ಹಾಗಿರುವಾಗ ಮೆಕ್ಯಾನಿಕ್ ಕಣ್ಣಳತೆಯಲ್ಲಿ ಅಂದಾಜು ಹೇಳಿ ಗೇರ್ ಬಾಕ್ಸ್ ಇಳಿಸದೆ ಇನ್ನೇನು ಮಾಡಿಯಾನು? ಮೇಷ್ಟರ ಕಾರಿನಲ್ಲಿ ಆ ಹಿರಿಯರು ಬದಲಿಸಿದ್ದು ಕೆಲವು ರೂಪಾಯಿಯ ರಬ್ಬರ್ ಉಂಗುರ. ಆದರೆ ಅವರು ಮಾಡಿದ ಕೆಲಸದ ಬೆಲೆ ಒಂದು ಗೇರ್ ಬಾಕ್ಸ್ ಇಳಿಸಿ ಏರಿಸುವ ಖರ್ಚಿನಷ್ಟು.

ಮುಂದಿನ ಸಲ ನಿಮ್ಮ ಕಾರಿನಡಿ ಕರಿ ಹನಿ ಕಂಡಾಗ ಗ್ಯಾರೇಜಿಗೆ ಹೋಗಿ ‘ಸೀಲ್ ಹಾಕಿ’ ಎನ್ನಬೇಡಿ. ‘ಅಣ್ಣ, ಮೊದಲು ತೊಳೆದು ಎಲ್ಲಿಂದ ಬರ್ತಿದೆ ಅಂತ ಹುಡುಕಿ ತೋರಿಸಿ, ಹುಡುಕಿದ್ದಕ್ಕೆ ಬೇರೆ ಕೂಲಿ ಕೊಡ್ತೀನಿ’ ಎನ್ನಿ. ಹೇಳಿದಂತೆ ಕೊಟ್ಟೂ ಬನ್ನಿ.